ಎಸ್ಸೆಸ್ಸೆಲ್ಸಿ ಆಯ್ತು, ಐಟಿಐಗೆ ಬರುವ ಮುಂಚೆ

ಎಂಜಿನಿಯರ್ ಆಗಬೇಕಾದರೆ ಪಿಯುಸಿಯೇ ಹತ್ತಿರದ ದಾರಿ ಎನ್ನುವವರು ಒಮ್ಮೆ ಬೆರಳು ಮಡಚಿ ಲೆಕ್ಕ ಹಾಕಲಿ. ಪಿಯುಸಿ 2 ವರ್ಷ, ಬಿಇ 4 ವರ್ಷ, ಒಟ್ಟು 6. ಡಿಪ್ಲೊಮಾ 3 ವರ್ಷ, ಆಮೇಲೆ ಡಿಸಿಇಟಿ (ಡಿಪ್ಲೊಮಾ ಆದವರ ಪ್ರವೇಶ ಪರೀಕ್ಷೆ) ಬರೆದು ನೇರವಾಗಿ ಬಿಇ ಎರಡನೇ ವರ್ಷಕ್ಕೆ ಸೇರಿದರೆ ಇನ್ನು 3, ಅದೂ 6. ಎರಡು ವರ್ಷದ ಐಟಿಐ ಮುಗಿಸಿದವರಿಗೆ ಡಿಪ್ಲೊಮಾದ ಎರಡನೇ ವರ್ಷಕ್ಕೆ ಲ್ಯಾಟರಲ್ ಎಂಟ್ರಿ, ಅಂದರೆ ನೇರ ಪ್ರವೇಶ, ಇದೆ; ಅಲ್ಲಿ 2, ಬಿಇಯಲ್ಲಿ 3, ಒಟ್ಟು 7. ಒಂದೇ ವರ್ಷ ಹೆಚ್ಚು. ಮನೆಯ ಪರಿಸ್ಥಿತಿ ಕೆಟ್ಟು ನಡುವೆ ನಿಲ್ಲಬೇಕಾಗಿ ಬಂದರೂ ಹುಡುಗನ ಕೈಯಲ್ಲಿ ಅಷ್ಟರವರೆಗೆ ಕಲಿತ ಕಸುಬಿನ ಸರ್ಟಿಫಿಕೇಟು ಇರುತ್ತದೆ. ಪಿಯುಸಿ ಸೈನ್ಸ್ ಮುಗಿಸಿ ನಿಂತವನಿಗೆ ಆ ಅನುಕೂಲ ಇಲ್ಲ.

ನಾನು ಐಟಿಐ ಫಿಟ್ಟರ್ ವಿಭಾಗದಲ್ಲಿ ಕಿರಿಯ ತರಬೇತಿ ಅಧಿಕಾರಿ. ಅಡ್ಮಿಷನ್ ಸಮಯದಲ್ಲಿ ನಮ್ಮ ಟೇಬಲ್ಲಿನ ಮುಂದೆ ನಿಲ್ಲುವ ತಂದೆತಾಯಿಯರು ಹೆಚ್ಚಾಗಿ ಕೇಳುವುದು, "ಸಾರ್, ಮಾರ್ಕ್ಸ್ ಕಮ್ಮಿ ಬಂದಿದೆ, ಯಾವ್ದಾದ್ರೂ ಒಂದು ಸೀಟ್ ಕೊಡಿ" ಅಂತ. ಮಗ ಪಕ್ಕದಲ್ಲೇ ತಲೆ ತಗ್ಗಿಸಿಕೊಂಡು ನಿಂತಿರುತ್ತಾನೆ. ಅವನಿಗೆ ವೈರಿಂಗ್ ಇಷ್ಟವೋ, ಲೇತ್ ಇಷ್ಟವೋ, ಕಂಪ್ಯೂಟರ್ ಮುಂದೆ ಕೂರುವುದು ಇಷ್ಟವೋ ಯಾರೂ ಕೇಳಿರುವುದಿಲ್ಲ. ಹೀಗೆ ಉಳಿದ ಸೀಟಿಗೆ ಬಂದು ಕೂತವರೇ ಮೂರು ತಿಂಗಳಲ್ಲಿ ಬರುವುದನ್ನು ಬಿಡುತ್ತಾರೆ. ಮಾರ್ಕ್ಸಿಗೂ ಅದಕ್ಕೂ ಅಷ್ಟೇನೂ ಸಂಬಂಧವಿಲ್ಲ.

ಫಿಟ್ಟರ್ ಟ್ರೇಡ್‌ನ (ಐಟಿಐಯಲ್ಲಿ ಕಲಿಸುವ ಒಂದೊಂದು ಕಸುಬಿಗೂ ಟ್ರೇಡ್ ಅಂತಾರೆ) ಮೊದಲ ದಿನಗಳು ಹೇಗಿರುತ್ತವೆ ಎಂದು ಹೇಳುತ್ತೇನೆ. ಒಂದು ಎಂಎಸ್ ಫ್ಲಾಟ್ (ಚಪ್ಪಟೆ ಉಕ್ಕಿನ ಪಟ್ಟಿ) ತುಂಡು, ಒಂದು ಫೈಲ್ (ನಮ್ಮೂರ ಕಡೆ ಅರ ಅಂತಾರೆ), ಒಂದು ಬೆಂಚ್ ವೈಸ್. ತುಂಡನ್ನು ವೈಸ್‌ಗೆ ಕಚ್ಚಿಸಿ ಉಜ್ಜಬೇಕು. ಎರಡು ಬದಿ ಸರಿಯಾಗಿ 90 ಡಿಗ್ರಿಗೆ ಬರಬೇಕು. ಟ್ರೈ ಸ್ಕ್ವೇರ್ (ಮೂಲೆಮಟ್ಟ) ಇಟ್ಟು ಕಿಟಕಿಯ ಕಡೆ ಹಿಡಿದು ನೋಡಿದರೆ ಸಂದಿಯಲ್ಲಿ ಬೆಳಕು ನುಸುಳಬಾರದು. ನುಸುಳಿತೋ, ಮತ್ತೆ ಉಜ್ಜು. ಅಂಗೈ ಬೊಬ್ಬೆ ಬರುತ್ತದೆ. ಜೋರಾಗಿ ಒತ್ತಿದರೆ ನಡುವೆ ಉಬ್ಬಿ ಅಂಚು ಸವೆಯುತ್ತದೆ. ತೋಳಿನ ಬಲಕ್ಕಿಂತ ಎರಡೂ ಕೈಯ ಸಮತೋಲ ಮುಖ್ಯ ಎಂದು ಗೊತ್ತಾಗಲು ವಾರಗಳೇ ಬೇಕು. ಆಮೇಲೆ 0.02 ಮಿಲಿಮೀಟರ್ ಓದುವ ವರ್ನಿಯರ್ ಕ್ಯಾಲಿಪರ್ ಕೈಗೆ ಬರುತ್ತದೆ. ಹೆಣ್ಣುಮಕ್ಕಳು ಫಿಟ್ಟರ್‌ಗೆ ಬಂದರೆ ಈಗಲೂ ಊರಲ್ಲಿ ಹುಬ್ಬೇರಿಸುತ್ತಾರೆ, ಆದರೆ ನಮ್ಮ ವಿಭಾಗದಲ್ಲಿ ಈ ಅಳತೆಯ ಕೆಲಸವನ್ನು ಅವರಷ್ಟು ನೀಟಾಗಿ ಮಾಡುವವರು ಕಡಿಮೆ.

ಇದೆಲ್ಲ ಇಷ್ಟವಾಗದವರಿಗೆ ಫಿಟ್ಟರ್ ಬೇಡ. ಕೋಪಾ (ಕಂಪ್ಯೂಟರ್ ಟ್ರೇಡ್) ಒಂದು ವರ್ಷದ್ದು, ವೆಲ್ಡರ್ ಒಂದು ವರ್ಷದ್ದು. ಎಲೆಕ್ಟ್ರಿಷಿಯನ್, ಫಿಟ್ಟರ್ ಎರಡು ವರ್ಷದ್ದು. ಹತ್ತನೇ ತರಗತಿ ದಾಟದವರಿಗೂ ವೆಲ್ಡರ್, ವೈರ್‌ಮನ್‌ನಂಥ ಟ್ರೇಡ್‌ಗಳಲ್ಲಿ ಎಂಟನೇ ತರಗತಿ ಪಾಸಿನ ಮೇಲೆ ಅವಕಾಶವಿದೆ. ಆದರೆ ಮುಂದೆ ಡಿಪ್ಲೊಮಾಗೆ ಹೋಗುವ ಆಸೆ ಇದ್ದರೆ ಎಸ್ಸೆಸ್ಸೆಲ್ಸಿ ಕೈಬಿಡಬೇಡಿ. ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇವೆ. ಉಳಿದ ವಿಷಯವನ್ನು ಅದೇ ವರ್ಷ ಮುಗಿಸಿಕೊಳ್ಳಬಹುದು.

ಡಾಕ್ಟರ್ ಆಗಬೇಕೆನ್ನುವವರು, ಸಿಎ ಓದುವವರು, ಡಿಗ್ರಿ ಮಾಡಿ ಟೀಚರ್ ಆಗುವವರು ಪಿಯುಸಿಗೇ ಹೋಗಲಿ. ಅದರಲ್ಲಿ ಚರ್ಚೆಯೇ ಇಲ್ಲ. ಪಿಯುಸಿ ಸೈನ್ಸ್ ಪಾಸಾಗಿ ಸಿಇಟಿಯಲ್ಲಿ ರ್‍ಯಾಂಕ್ ಸಿಗದವರಿಗೂ ಡಿಪ್ಲೊಮಾ ಎರಡನೇ ವರ್ಷದ ಬಾಗಿಲು ತೆರೆದಿದೆ. ಇದು ಗೊತ್ತಿಲ್ಲದೆ ಡೊನೇಷನ್‌ಗೆ ಸಾಲ ಮಾಡಿದ ಮನೆಗಳನ್ನು ನೋಡಿದ್ದೇನೆ.

ಡಿಪ್ಲೊಮಾದಲ್ಲಿ ಒಂದು ಕಷ್ಟವಿದೆ, ಮುಚ್ಚಿಡಬಾರದು. ಕನ್ನಡ ಮಾಧ್ಯಮದ ಮಕ್ಕಳು ಮೊದಲ ಸೆಮಿಸ್ಟರ್‌ನಲ್ಲಿ ಇಂಗ್ಲಿಷ್ ಪುಸ್ತಕ, ಗಣಿತ ಎರಡರಲ್ಲೂ ಎಡವುತ್ತಾರೆ. ಬಿಇಗೆ ಲ್ಯಾಟರಲ್ ಹೋದವರಿಗೆ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಹೆಚ್ಚುವರಿ ಗಣಿತ ಇಟ್ಟಿರುವುದೇ ಆ ಕೊರತೆ ತುಂಬಲಿ ಅಂತ. ಗಣಿತ ಕಂಡರೆ ಓಡುವ ಮಗುವನ್ನು "ಡಿಪ್ಲೊಮಾ ಸುಲಭ" ಎಂದು ನಂಬಿಸಿ ಕಳಿಸಬೇಡಿ.

ಹೆಚ್ಚು ಮಂದಿ ಕೇಳದ ಹೆಸರು ಜಿಟಿಟಿಸಿ, ಅಂದರೆ ಸರ್ಕಾರಿ ಟೂಲ್ ರೂಂ ಮತ್ತು ತರಬೇತಿ ಕೇಂದ್ರ. 1972ರಲ್ಲಿ ಡೆನ್ಮಾರ್ಕ್ ನೆರವಿನಿಂದ ಬೆಂಗಳೂರಿನ ರಾಜಾಜಿನಗರದಲ್ಲಿ ಶುರುವಾಯಿತು; ಕಾರ್ಖಾನೆಗೆ ಬೇಕಾದ ಅಚ್ಚು, ಉಪಕರಣ ಮಾಡುವ ಜಾಗಕ್ಕೆ ಟೂಲ್ ರೂಂ ಅಂತಾರೆ. ಈಗ ಮೈಸೂರು, ಬೆಳಗಾವಿ, ಹುಬ್ಬಳ್ಳಿ, ಕಲಬುರಗಿ, ಹಾಸನ, ಇನ್ನೂ ಹಲವು ಕಡೆ ಕೇಂದ್ರಗಳಿವೆ. ಇಲ್ಲಿನ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ ನಾಲ್ಕು ವರ್ಷದ್ದು. ಮೂರು ವರ್ಷ ಕೇಂದ್ರದಲ್ಲಿ, ಕೊನೆಯ ವರ್ಷ ಕಾರ್ಖಾನೆಯಲ್ಲೇ ತರಬೇತಿ. ನನ್ನ ಮಟ್ಟಿಗೆ, ಮೆಷಿನ್ ಇಷ್ಟಪಡುವ ಮಕ್ಕಳಿಗೆ ರಾಜ್ಯದಲ್ಲಿ ಇದಕ್ಕಿಂತ ಒಳ್ಳೆಯ ಕೋರ್ಸ್ ಇಲ್ಲ. ಜಮೀನು ಇರುವ ಮನೆಯವರು ಕೃಷಿ ವಿಶ್ವವಿದ್ಯಾಲಯಗಳ ಎರಡು ವರ್ಷದ ಕೃಷಿ ಡಿಪ್ಲೊಮಾವನ್ನೂ ವಿಚಾರಿಸಿ.

ಐಟಿಐ ಮುಗಿಸಿ ತಕ್ಷಣ ಕಂಟ್ರಾಕ್ಟರ್ ಕೈಕೆಳಗೆ ಸೇರುವ ಆತುರ ಬೇಡ. ಮೊದಲು ಅಪ್ರೆಂಟಿಸ್ ಆಗಿ, ಅಂದರೆ ಕಂಪನಿಯಲ್ಲೇ ಕೆಲಸ ಕಲಿಯುವ ತರಬೇತಿಗೆ ಸೇರಿ. 1961ರ ಅಪ್ರೆಂಟಿಸ್ ಕಾಯ್ದೆಯ ಈಗಿನ ನಿಯಮದಂತೆ 30 ಅಥವಾ ಹೆಚ್ಚು ಜನ ಕೆಲಸ ಮಾಡುವ ಸಂಸ್ಥೆ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಸ್ಟೈಪೆಂಡ್ ದೊಡ್ಡದಲ್ಲ, ಊರು ಬಿಟ್ಟು ಹೋದರೆ ರೂಮ್ ಬಾಡಿಗೆಗೇ ಸರಿಹೋಗುತ್ತದೆ. ಆದರೂ ಕೊನೆಗೆ ಸಿಗುವ ಅಪ್ರೆಂಟಿಸ್‌ಶಿಪ್ ಸರ್ಟಿಫಿಕೇಟು ದೊಡ್ಡ ಕಂಪನಿಗಳಲ್ಲಿ, ರೈಲ್ವೆಯಲ್ಲಿ ನಡೆಯುತ್ತದೆ.

ಸೇರುವ ಮುಂಚೆ ಸಂಸ್ಥೆಗೆ ಒಮ್ಮೆ ಹೋಗಿ ಬನ್ನಿ. ಆಫೀಸಿನಲ್ಲಿ ಕೂತು ಬ್ರೋಷರ್ ನೋಡಬೇಡಿ, ವರ್ಕ್‌ಶಾಪ್ ತೋರಿಸಿ ಎನ್ನಿ. ಲೇತ್ ಕೆಳಗೆ ಕಬ್ಬಿಣದ ಚೂರು ಬಿದ್ದಿದ್ದರೆ ಅಲ್ಲಿ ಕೆಲಸ ನಡೆಯುತ್ತಿದೆ. ಮೆಷಿನ್ ಮೇಲೆ ಹೊದಿಕೆ, ಹೊದಿಕೆಯ ಮೇಲೆ ಧೂಳು ಇದ್ದರೆ ಬೇರೆ ಕಡೆ ನೋಡಿ. ಆ ಟ್ರೇಡ್‌ಗೆ ಕೇಂದ್ರ ಸರ್ಕಾರದ ಮಾನ್ಯತೆ (ಎನ್‌ಸಿವಿಟಿ ಅಂತ ಹೇಳುವುದು ರೂಢಿ) ಇದೆಯೇ ಎಂದು ಬಾಯಿಮಾತಿನಲ್ಲಿ ಅಲ್ಲ, ಕಾಗದದಲ್ಲಿ ಕೇಳಿ.

ಇನ್ನೊಂದು, ಸಣ್ಣದಾದರೂ ಪ್ರತಿ ವರ್ಷ ನಮ್ಮನ್ನು ಗೋಳು ಹೊಯ್ದುಕೊಳ್ಳುವ ವಿಷಯ. ಮಾರ್ಕ್ಸ್ ಕಾರ್ಡ್‌ನಲ್ಲಿ ಇನಿಷಿಯಲ್ ಹಿಂದೆ, ಆಧಾರ್‌ನಲ್ಲಿ ಮುಂದೆ; ಒಂದರಲ್ಲಿ ಅಪ್ಪನ ಪೂರ್ತಿ ಹೆಸರು, ಇನ್ನೊಂದರಲ್ಲಿ ಬರೀ ಅಕ್ಷರ. ಹೀಗಿದ್ದರೆ ಎರಡು ವರ್ಷ ಕಳೆದ ಮೇಲೆ ಸರ್ಟಿಫಿಕೇಟಿನ ಹೆಸರು ತಿದ್ದಿಸಲು ಅಲೆಯಬೇಕಾಗುತ್ತದೆ. ಅರ್ಜಿ ಹಾಕುವ ಮುಂಚೆ ಆಧಾರ್ ಅನ್ನು ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್‌ಗೆ ಸರಿಯಾಗಿ ತಿದ್ದಿಸಿಕೊಂಡು ಬನ್ನಿ. ಜನ್ಮದಿನಾಂಕವನ್ನೂ ಒಮ್ಮೆ ತಾಳೆ ನೋಡಿ.