ಫ್ರೇಸ್, ಕ್ಲಾಜ್, ಸೆಂಟೆನ್ಸ್: ಪೂರ್ಣವಿರಾಮ ಇಡುವ ಮುನ್ನ

ಸಂಜೆ ನನ್ನ ಬಳಿ ಇಂಗ್ಲಿಷ್ ಪಾಠಕ್ಕೆ ಬರುವ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ರಜಾ ಅರ್ಜಿಯ ಕರಡನ್ನು ತಂದಿದ್ದಳು. ಅಪ್ಪ ಕೋಲಾರದ ಎಪಿಎಂಸಿಗೆ ಟೊಮೆಟೊ ಹಾಕಲು ಹೋಗಿದ್ದ ದಿನ ಮನೆಯ ಕೆಲಸ ಇವಳ ಪಾಲಿಗೆ ಬಂದಿತ್ತು. ಅದನ್ನೇ ಬರೆದಿದ್ದಳು: 'ಐ ವಾಸ್ ಆಬ್ಸೆಂಟ್ ಯೆಸ್ಟರ್‌ಡೇ. ಬಿಕಾಸ್ ಮೈ ಫಾದರ್ ವೆಂಟ್ ಟು ದ ಮಾರ್ಕೆಟ್.' ಎರಡನೆಯ ಸಾಲಿನ ಕೆಳಗೆ ಕೆಂಪು ಗೆರೆ ಎಳೆದೆ.

"ಸರ್, ಕರ್ತೃ ಇದೆ, ಕ್ರಿಯಾಪದ ಇದೆ, ಪೂರ್ಣವಿರಾಮವನ್ನೂ ಇಟ್ಟಿದ್ದೇನೆ. ಇನ್ನೇನು ಬೇಕು?"

ನ್ಯಾಯವಾದ ಪ್ರಶ್ನೆ.

ಫ್ರೇಸ್ ಎಂದರೆ ನಮ್ಮ ಪದಪುಂಜ. ಒಟ್ಟಾಗಿ ನಿಂತ ಪದಗಳು, ಆದರೆ ಒಳಗೆ ಕರ್ತೃವೂ ಅದಕ್ಕೆ ಹೊಂದಿದ ಪೂರ್ಣ ಕ್ರಿಯಾಪದವೂ ಜೋಡಿಯಾಗಿ ಇರುವುದಿಲ್ಲ. ಉದ್ದ ನೋಡಿ ಮೋಸ ಹೋಗಬಾರದು. 'ದ ರೆಡ್ ಟೊಮೆಟೋಸ್ ಇನ್ ದ ಬಾಕ್ಸಸ್ ಅಟ್ ದ ಬ್ಯಾಕ್ ಆಫ್ ದ ಲಾರಿ' ಎಂಬುದರಲ್ಲಿ 12 ಪದಗಳಿವೆ. ಆ ಟೊಮೆಟೊಗಳಿಗೆ ಏನಾಯಿತು ಎಂಬುದು ಮಾತ್ರ ಇಲ್ಲ. ಅತ್ತ 'ಪ್ರೈಸಸ್ ಫೆಲ್' ಎಂಬ ಎರಡೇ ಪದ ಪೂರ್ತಿ ವಾಕ್ಯ. ಬೆಲೆ ಕುಸಿಯಿತು ಎಂದು ತಿಳಿಯಲು ರೈತನಿಗೆ ಅಷ್ಟು ಸಾಕು.

ಕ್ಲಾಜ್ ಎಂದರೆ ಉಪವಾಕ್ಯ. ಮಕ್ಕಳು ಇದನ್ನೂ ತರಗತಿಯ 'ಕ್ಲಾಸ್' ಅನ್ನೂ ಒಂದೇ ರೀತಿ ಉಚ್ಚರಿಸುವುದರಿಂದ ನನ್ನ ಪಾಠದಲ್ಲಿ ಅರ್ಧ ಗೊಂದಲ ಅಲ್ಲಿಯೇ ಹುಟ್ಟುತ್ತದೆ. 'ಆಫ್ಟರ್ ದ ರೇನ್', ಅಂದರೆ ಮಳೆಯ ನಂತರ, ಫ್ರೇಸ್. 'ಆಫ್ಟರ್ ದ ರೇನ್ ಸ್ಟಾಪ್ಡ್', ಮಳೆ ನಿಂತ ಮೇಲೆ, ಕ್ಲಾಜ್. ನಿಂತದ್ದು ಯಾವುದು ಎಂಬುದೂ ನಿಂತಿತು ಎಂಬುದೂ ಎರಡನೆಯದರಲ್ಲಿ ಸಿಗುತ್ತವೆ. 'ಫಾರ್ಮರ್ಸ್ ಲೋಡಿಂಗ್ ದ ಬಾಕ್ಸಸ್' ಎಂಬಂಥವು ತಕರಾರಿನವು. 'ಲೋಡಿಂಗ್' ತಾನಾಗಿ ಕಾಲವನ್ನು ತೋರಿಸುವುದಿಲ್ಲ, ಆದ್ದರಿಂದ ಶಾಲೆಯ ವ್ಯಾಕರಣ ಇದನ್ನು ಫ್ರೇಸ್ ಎನ್ನುತ್ತದೆ. ಈಚಿನ ವ್ಯಾಕರಣಕಾರರಲ್ಲಿ ಹಲವರು ಇದಕ್ಕೂ ಕ್ಲಾಜ್ ಪಟ್ಟ ಕೊಡುತ್ತಾರೆ. ಪರೀಕ್ಷೆ ಬರೆಯುವವರು ಶಾಲೆಯ ಮಾತನ್ನೇ ಕೇಳುವುದು ಕ್ಷೇಮ.

ಕ್ಲಾಜ್‌ಗಳಲ್ಲಿ ಎರಡು ಬಗೆ. ಸ್ವತಂತ್ರವಾದದ್ದಕ್ಕೆ ಪೂರ್ಣವಿರಾಮ ಇಟ್ಟರೆ ಅದೇ ಸೆಂಟೆನ್ಸ್. ಅಧೀನವಾದದ್ದು ಇನ್ನೊಂದರ ಆಸರೆ ಬೇಡುತ್ತದೆ. 'ಬಿಕಾಸ್' ಎಂದು ಶುರುವಾಗುವ ಆ ಕೆಂಪು ಗೆರೆಯ ಸಾಲು ಈ ಬಗೆಯದು. ಕನ್ನಡ ಪಾಠದಲ್ಲಿ ಮಿಶ್ರವಾಕ್ಯ ಓದಿದವರಿಗೆ ಇದು ಹೊಸದಲ್ಲ.

ಹಾಗಾದರೆ ಹುಡುಗಿ ಎಡವಿದ್ದು ಎಲ್ಲಿ? ಕನ್ನಡದಲ್ಲಿ! 'ನಿನ್ನೆ ನಾನು ಬರಲಿಲ್ಲ. ಏಕೆಂದರೆ ಅಪ್ಪ ಮಾರುಕಟ್ಟೆಗೆ ಹೋಗಿದ್ದರು.' ಇದನ್ನು ಯಾವ ಕನ್ನಡ ಮೇಷ್ಟರೂ ತಿದ್ದುವುದಿಲ್ಲ. 'ಏಕೆಂದರೆ' ಹೊಸ ವಾಕ್ಯದ ತಲೆಯಲ್ಲಿ ಆರಾಮವಾಗಿ ಕೂರುತ್ತದೆ. 'ಬಿಕಾಸ್' ಎಂದರೆ 'ಏಕೆಂದರೆ' ಎಂದು ಬಾಯಿಪಾಠ ಮಾಡಿಸಿದವರು ನಾವೇ. ವ್ಯಾಕರಣದ ಮಟ್ಟಿಗೆ ಅದರ ನಿಜವಾದ ಜೊತೆಗಾರ 'ಹೋಗಿದ್ದರಿಂದ' ಎಂಬಲ್ಲಿರುವ ಆ '-ದರಿಂದ'. 'ಅಪ್ಪ ಮಾರುಕಟ್ಟೆಗೆ ಹೋಗಿದ್ದರಿಂದ' ಎಂದು ಬರೆದು ಯಾರಾದರೂ ಪೂರ್ಣವಿರಾಮ ಇಟ್ಟಾರೆಯೇ?

ಕನ್ನಡದಲ್ಲಿ ಮಾತು ಮುಗಿದಿಲ್ಲ ಎಂಬ ಸುಳಿವು ಕ್ರಿಯೆಯ ಬಾಲದಲ್ಲಿರುತ್ತದೆ: ಹೋದರೆ, ಹೋದಾಗ, ಹೋಗಿದ್ದರಿಂದ. ಇಂಗ್ಲಿಷಿನಲ್ಲಿ ಅದು ಕ್ಲಾಜ್‌ನ ತಲೆಯಲ್ಲಿರುತ್ತದೆ: ಇಫ್, ವೆನ್, ಬಿಕಾಸ್. ಕ್ರಿಯಾಪದ 'ವೆಂಟ್' ಮಾತ್ರ ಏನೂ ಆಗದಂತೆ ಪೂರ್ಣವಾಗಿಯೇ ನಿಂತಿರುತ್ತದೆ. ನಮ್ಮ ಕಣ್ಣು ಅಭ್ಯಾಸಬಲದಿಂದ ಬಾಲವನ್ನು ನೋಡುತ್ತದೆ, ಮುಗಿಯಿತು ಎಂದುಕೊಳ್ಳುತ್ತದೆ. ಮುಳಬಾಗಿಲು, ಶ್ರೀನಿವಾಸಪುರದ ಕಡೆ ಮನೆಯಲ್ಲಿ ತೆಲುಗು ಆಡುವ ಮಕ್ಕಳಿಗೂ ಇದೇ ಪಾಡು, ಏಕೆಂದರೆ ತೆಲುಗಿನ ಜಾಯಮಾನವೂ ನಮ್ಮದೇ. 'ಯಾಕೆ ಬರಲಿಲ್ಲ?' ಎಂದು ಎದುರಿಗೆ ಕೇಳಿದಾಗ 'ಬಿಕಾಸ್' ಎಂದು ಶುರುಮಾಡಿ ಅಷ್ಟಕ್ಕೇ ನಿಲ್ಲಿಸಿದರೆ ತಪ್ಪಲ್ಲ. ಉಳಿದರ್ಧ ಪ್ರಶ್ನೆಯಲ್ಲಿಯೇ ಇರುತ್ತದೆ. ಅರ್ಜಿಯಲ್ಲಿ ಆ ರಿಯಾಯಿತಿ ಇಲ್ಲ.

ಹುಡುಗಿ ನಡುವಿನ ಪೂರ್ಣವಿರಾಮವನ್ನು ಅಳಿಸಿ ಎರಡನ್ನೂ ಒಂದೇ ವಾಕ್ಯ ಮಾಡಿದಳು. ಬಳಿಕ ಹುರುಪಿನಿಂದ ಇನ್ನೊಂದು ಸಾಲು ಸೇರಿಸಿದಳು: 'ಐ ಸ್ಟೇಯ್ಡ್ ಅಟ್ ಹೋಮ್, ಐ ಫೆಡ್ ದ ಕೌಸ್.' ಮನೆಯಲ್ಲಿ ಉಳಿದೆ, ಹಸುಗಳಿಗೆ ಮೇವು ಹಾಕಿದೆ. ಕನ್ನಡದಲ್ಲಿ ಸೊಗಸಾಗಿದೆ. ಇಂಗ್ಲಿಷಿನಲ್ಲಿ ಎರಡು ಸ್ವತಂತ್ರ ಕ್ಲಾಜ್‌ಗಳನ್ನು ಬರಿಯ ಅಲ್ಪವಿರಾಮ ಹಿಡಿದಿಡಲಾರದು, ನಡುವೆ 'ಆ್ಯಂಡ್' ಬೇಕು. ಕೆಂಪು ಪೆನ್ನನ್ನು ಮತ್ತೆ ತೆಗೆದೆ.