ಮೊಳೆ ಪರೀಕ್ಷೆಗೆ ಸಿಗದ ಬೆಂಕಿ

ಲಿಥಿಯಂ-ಅಯಾನ್ ಸೆಲ್‌ಗೆ ಮೊಳೆ ಚುಚ್ಚಿ, ಹೊಗೆಯಾಡಲಿಲ್ಲವೆಂದು ವಿಡಿಯೊ ತೋರಿಸಿ, ‘ಇದು ಮಿಲಿಟರಿ ಗುಣಮಟ್ಟದ್ದು’ ಎಂದು ಮಾರುವವರನ್ನು ಕಂಡರೆ ನನಗೆ ತಾಳ್ಮೆ ಕೆಡುತ್ತದೆ. ಮೊಳೆಯ ದಪ್ಪ, ಅದು ಇಳಿದ ವೇಗ, ಸೆಲ್‌ನಲ್ಲಿದ್ದ ಚಾರ್ಜ್, ಇವುಗಳಲ್ಲಿ ಒಂದು ಬದಲಾದರೂ ಫಲಿತಾಂಶ ಬದಲಾಗಬಹುದು. ಅರ್ಧ ಚಾರ್ಜ್‌ನಲ್ಲಿ ತಣ್ಣಗೆ ಉಳಿದ ಸೆಲ್, ಪೂರ್ತಿ ಚಾರ್ಜ್ ಆದಾಗ ಭುಗ್ಗೆನ್ನಬಹುದು.

ಜಜ್ಜಿ ನೋಡುವುದೇ ಬೇಡ ಎನ್ನುತ್ತಿಲ್ಲ. 1986ರಲ್ಲಿ ಜಪಾನಿನ ರಸಾಯನವಿಜ್ಞಾನಿ ಅಕಿರಾ ಯೋಶಿನೊ ತಮ್ಮ ಹೊಸ ಸೆಲ್ ಮೇಲೆ ಕಬ್ಬಿಣದ ಗಟ್ಟಿ ಬೀಳಿಸಿ, ಅದು ಹೊತ್ತಿಕೊಳ್ಳದ್ದನ್ನು ಕಂಡ ಮೇಲೆಯೇ ಈ ಬ್ಯಾಟರಿಗೆ ಭವಿಷ್ಯವಿದೆ ಎಂದು ನಂಬಿದ್ದು. ಅದೇ ಹೊಡೆತಕ್ಕೆ ಲಿಥಿಯಂ ಲೋಹದ ಸೆಲ್ ಧಗಧಗನೆ ಉರಿದಿತ್ತು. ಇಂದು ಯಾವುದೇ ಲಿಥಿಯಂ ಸೆಲ್ ಸಾಗಣೆಗೆ ಅರ್ಹವಾಗಬೇಕಾದರೂ ವಿಶ್ವಸಂಸ್ಥೆಯ 38.3 ಪರೀಕ್ಷೆಗಳನ್ನು ದಾಟಬೇಕು: 11.6 ಕಿಲೋಪ್ಯಾಸ್ಕಲ್‌ನ ತೆಳುಗಾಳಿ, 72ರಿಂದ ಮೈನಸ್ 40 ಡಿಗ್ರಿಯವರೆಗಿನ ಏರಿಳಿತ, ಕಂಪನ, ಶಾರ್ಟ್ ಸರ್ಕ್ಯೂಟ್. ಸೈನ್ಯದ ಪಟ್ಟಿ ಇನ್ನೂ ಉದ್ದ.

ಆದರೆ 2008ರ ನವೆಂಬರ್‌ನಲ್ಲಿ ಪರ್ಲ್ ಹಾರ್ಬರ್‌ನಲ್ಲಿ ಅಮೆರಿಕದ ನೌಕಾಪಡೆಯ ಕಿರು ಜಲಾಂತರ್ಗಾಮಿಯೊಂದರ ಬ್ಯಾಟರಿಗೆ ಬೆಂಕಿ ಬಿದ್ದದ್ದು ಗುಂಡೇಟಿನಿಂದಲ್ಲ. ದಡದಲ್ಲಿ ಚಾರ್ಜ್ ಮಾಡುತ್ತಿದ್ದಾಗ. ಆ ಯೋಜನೆಯನ್ನೇ ಮರುವರ್ಷ ಕೈಬಿಡಲಾಯಿತು.

ಇಂಥ ಬೆಂಕಿ ಅರ್ಥವಾಗಲು ಒಂದು ಲೆಕ್ಕ ಸಾಕು. ತಾಪ ಸುಮಾರು 10 ಡಿಗ್ರಿ ಏರಿದರೆ ಸೆಲ್ ಒಳಗಿನ ರಾಸಾಯನಿಕ ಕ್ರಿಯೆಯ ವೇಗ ಹೆಚ್ಚುಕಡಿಮೆ ಇಮ್ಮಡಿ. ಹೊರಗೆ ಸೋರಿಹೋಗುವ ಶಾಖ ಮಾತ್ರ ನೇರಗೆರೆಯಂತೆ ನಿಧಾನವಾಗಿ ಏರುತ್ತದೆ. ಹುಟ್ಟುವ ಶಾಖ ಸೋರುವ ಶಾಖವನ್ನು ಹಿಂದೆ ಹಾಕಿತೋ, ಮುಂದಿನದು ನಿಲ್ಲದ ಓಟ, ಅದೇ ಥರ್ಮಲ್ ರನ್‌ಅವೇ. 1928ರಲ್ಲಿ ಸೋವಿಯತ್ ರಸಾಯನವಿಜ್ಞಾನಿ ನಿಕೊಲಾಯ್ ಸೆಮ್ಯೊನೊವ್ ಸ್ಫೋಟಗಳನ್ನು ವಿವರಿಸಿದ್ದು ಇದೇ ತರ್ಕದಿಂದ. ಆರದ ಹುಲ್ಲನ್ನು ಹರವಿಟ್ಟರೆ ಏನೂ ಆಗದು; ಬಣವೆ ಒಟ್ಟಿದರೆ ನಡುವೆ ಕಾವು ಏರಿ ತಾನೇ ಹೊತ್ತಿಕೊಳ್ಳುವುದುಂಟು. ಮೇಜಿನ ಮೇಲೆ ಒಂಟಿಯಾಗಿ ಪಾಸಾದ ಸೆಲ್ ಹರವಿಟ್ಟ ಹುಲ್ಲು. ಸೈನಿಕನ ಬೆನ್ನಿನ ಬ್ಯಾಟರಿ ಪ್ಯಾಕ್‌ನಲ್ಲಿ ಒತ್ತೊತ್ತಾಗಿ ಕೂತದ್ದು ಬಣವೆ.

ಬಣವೆಯ ನಡುವನ್ನು ಪ್ರಯೋಗಾಲಯಕ್ಕೆ ತರುವ ಉಪಕರಣವೇ ಆಕ್ಸೆಲರೇಟಿಂಗ್ ರೇಟ್ ಕ್ಯಾಲೊರಿಮೀಟರ್. 1970ರ ದಶಕದಲ್ಲಿ ಡೌ ಕೆಮಿಕಲ್ ಇದನ್ನು ರೂಪಿಸಿದ್ದು ರಾಸಾಯನಿಕ ಕಾರ್ಖಾನೆಗಳ ಅವಘಡ ತಡೆಯಲು. ಪೂರ್ತಿ ಚಾರ್ಜ್ ಆದ ಸೆಲ್ಲನ್ನು ಅದರೊಳಗಿಟ್ಟು, 5 ಡಿಗ್ರಿ ಬಿಸಿ ಮಾಡಿ, ಸುಮ್ಮನೆ ಕಾಯುತ್ತಾರೆ. ಸೆಲ್ ತಾನಾಗಿ ನಿಮಿಷಕ್ಕೆ 0.02 ಡಿಗ್ರಿಯಾದರೂ ಏರುತ್ತಿದೆಯೇ? ಇಲ್ಲವಾದರೆ ಇನ್ನೊಂದು 5 ಡಿಗ್ರಿ. ಏರುತ್ತಿದ್ದರೆ ಪೆಟ್ಟಿಗೆಯ ಗೋಡೆ ಸೆಲ್‌ನ ತಾಪವನ್ನೇ ಹಿಂಬಾಲಿಸತೊಡಗುತ್ತದೆ. ಎರಡೂ ಕಡೆ ಒಂದೇ ತಾಪವಿದ್ದಾಗ ಶಾಖ ಹರಿಯಲು ದಾರಿಯಿಲ್ಲ. ನಿಮಿಷಕ್ಕೆ 0.02 ಅಂದರೆ ದಿನಕ್ಕೆ 29 ಡಿಗ್ರಿಗೂ ಕಡಿಮೆ. ತೆರೆದ ಗಾಳಿಯಲ್ಲಿ ಯಾರ ಅರಿವಿಗೂ ಬಾರದ ಬಿಸಿ. ಇಲ್ಲಿ ಅದು ಸೋರದೆ ಕೂಡುತ್ತಾ ಹೋಗುತ್ತದೆ. ಮೊದಲು ಋಣ ತುದಿಯಾದ ಆನೋಡ್ ಮೇಲಿನ ರಕ್ಷಾಪದರ ಕಳಚುತ್ತದೆ, 130 ಡಿಗ್ರಿಯ ಆಸುಪಾಸಿನಲ್ಲಿ ಎರಡು ತುದಿಗಳನ್ನು ಬೇರ್ಪಡಿಸುವ ಪಾಲಿಎಥಿಲೀನ್ ಹಾಳೆ ಕರಗುತ್ತದೆ, ಮುಂದೆ ಧನ ತುದಿಯಾದ ಕ್ಯಾಥೋಡ್ ಆಮ್ಲಜನಕ ಬಿಡುತ್ತದೆ, ತಾಪದ ಗ್ರಾಫಿನ ಗೆರೆ ನೆಟ್ಟಗೆ ನಿಲ್ಲುತ್ತದೆ. ಎಷ್ಟೋ ಗಂಟೆಗಳ ತಾಳ್ಮೆಯ ಈ ಗ್ರಾಫ್ ಹೇಳುವಷ್ಟನ್ನು ಯಾವ ಮೊಳೆಯೂ ಹೇಳದು.

ಈ ಗ್ರಾಫ್ ಹೊಸ ಸೆಲ್‌ನದ್ದಷ್ಟೇ ಆಗಿದ್ದರೆ ಸಾಲದು. ಸೊನ್ನೆ ಡಿಗ್ರಿಗಿಂತ ಕಡಿಮೆ ಚಳಿಯಲ್ಲಿ ಚಾರ್ಜ್ ಮಾಡಿದಾಗ ಲಿಥಿಯಂ ಆನೋಡ್‌ನ ಗ್ರಾಫೈಟ್ ಒಳಗೆ ಹೋಗಲಾರದೆ ಅದರ ಮೇಲೆಯೇ ಲೋಹವಾಗಿ ಲೇಪಗೊಳ್ಳುತ್ತದೆ. ಹಿಮದಲ್ಲಿ ದುಡಿದ ಅಂಥ ಸೆಲ್ ತಾನಾಗಿ ಬಿಸಿಯೇರಲು ತೊಡಗುವುದು ಹೊಸದಕ್ಕಿಂತ ಎಷ್ಟೋ ಕಡಿಮೆ ತಾಪದಲ್ಲಿ. ಹಾಗಾಗಿ ಚಳಿಯಲ್ಲಿ ನೂರಾರು ಸಲ ಚಾರ್ಜ್ ಮಾಡಿ ಬಳಲಿಸಿದ ಸೆಲ್‌ಗಳನ್ನೂ ಈ ಪೆಟ್ಟಿಗೆಯಲ್ಲಿಡಬೇಕು. ಆಮೇಲೆ ಪ್ಯಾಕ್‌ನ ನಟ್ಟನಡುವಿನ ಒಂದನ್ನು ಬೇಕೆಂದೇ ಹೊತ್ತಿಸಿ, ಪಕ್ಕದ ಸೆಲ್‌ಗಳಿಗೆ ಅಂಟಿಸಿದ, ತಾಪ ಅಳೆಯುವ ಥರ್ಮೋಕಪಲ್‌ಗಳು ಏನನ್ನು ದಾಖಲಿಸುತ್ತವೆಂದು ನೋಡಬೇಕು.