ಕೆಲಸದ ಗಂಟೆ ಎಣಿಸುವ ಗಡಿಯಾರ ಯಾರ ಕೈಯಲ್ಲಿರಬೇಕು?

ರಾತ್ರಿ ಹತ್ತು ಗಂಟೆಗೆ ಮೇಲಧಿಕಾರಿಯ ಮೆಸೇಜ್ ಬರುತ್ತದೆ. ಉತ್ತರ ಬರೆಯಲು ಎರಡೇ ನಿಮಿಷ ಸಾಕು. ಆ ಎರಡು ನಿಮಿಷ ಕೆಲಸವೋ, ಅಲ್ಲವೋ? ಹಲವು ದೇಶಗಳ ಕಾನೂನು ಈಗ ಇದಕ್ಕೆ ಉತ್ತರ ಹೇಳತೊಡಗಿದೆ. ಸಂಸ್ಥೆ ನಡೆಸುವವರಿಗೆ ಇದು ಹೊಸ ತಲೆನೋವು ಅನ್ನಿಸಬಹುದು. ಆದರೆ ಈ ಜಗಳಕ್ಕೆ ಸುಮಾರು ಇನ್ನೂರು ವರ್ಷ ವಯಸ್ಸಾಗಿದೆ.

1833ರ ಬ್ರಿಟನ್ನಿನ ಕಾರ್ಖಾನೆ ಕಾಯ್ದೆ, ಬಟ್ಟೆ ಗಿರಣಿಗಳಲ್ಲಿ 9ರಿಂದ 13 ವರ್ಷದೊಳಗಿನ ಮಕ್ಕಳನ್ನು ದಿನಕ್ಕೆ 9 ಗಂಟೆಗಿಂತ ಜಾಸ್ತಿ ದುಡಿಸಬಾರದು ಎಂದಿತು. ಮಕ್ಕಳಿಗೇ 9 ಗಂಟೆ! ಅದನ್ನು ನೋಡಿಕೊಳ್ಳಲು ಇಡೀ ದೇಶಕ್ಕೆ ನಾಲ್ಕೇ ಜನ ಇನ್‌ಸ್ಪೆಕ್ಟರ್‌ಗಳು. ಗಡಿಯಾರವಂತೂ ಗಿರಣಿ ಮಾಲೀಕರದ್ದೇ. ಬೆಳಿಗ್ಗೆ ಮುಳ್ಳನ್ನು ಮುಂದಕ್ಕೆ ತಿರುಗಿಸುವುದು, ಸಂಜೆ ಹಿಂದಕ್ಕೆ ತಿರುಗಿಸುವುದು, ಊಟದ ಬಿಡುವಿನಲ್ಲಿ ಐದು ನಿಮಿಷ ಕತ್ತರಿಸುವುದು ನಡೆದೇ ಇತ್ತು. ಅದಕ್ಕೇ 1844ರ ಕಾಯ್ದೆ ಇನ್ನೊಂದು ಮಾತು ಸೇರಿಸಿತು: ಗಂಟೆಗಳನ್ನು ಎಲ್ಲರ ಕಣ್ಣಿಗೆ ಬೀಳುವ ಸಾರ್ವಜನಿಕ ಗಡಿಯಾರ ನೋಡಿಯೇ ಎಣಿಸಬೇಕು.

ಈ ಇಡೀ ಇತಿಹಾಸದಲ್ಲಿ ನನಗೆ ತುಂಬಾ ಮುಖ್ಯ ಅನ್ನಿಸುವುದು ಈ ಒಂದು ಸಾಲು. ಮಿತಿ ಹಾಕುವುದು ಸುಲಭ. ಲೆಕ್ಕ ಒಬ್ಬರ ಕೈಯಲ್ಲೇ ಇದ್ದರೆ ಆ ಮಿತಿ ಸುಮ್ನೆ ಕಾಗದದ ಮೇಲಿರುತ್ತದೆ, ಅಲ್ವಾ?

ದಿನಕ್ಕೆ ಎಂಟೇ ಗಂಟೆ ಕೆಲಸ ಎಂಬ ಬೇಡಿಕೆಯ ಕಥೆ ಹೆಚ್ಚಿನವರಿಗೆ ಗೊತ್ತು. 1856ರಲ್ಲಿ ಮೆಲ್ಬರ್ನ್‌ನ ಕಲ್ಲುಕುಟಿಗರು ಅದಕ್ಕಾಗಿ ಕೆಲಸ ಬಿಟ್ಟು ಬೀದಿಗಿಳಿದರು. 1919ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಮೊದಲ ಒಪ್ಪಂದವೇ ಕಾರ್ಖಾನೆಗಳಿಗೆ ದಿನಕ್ಕೆ 8, ವಾರಕ್ಕೆ 48 ಗಂಟೆ ಎಂದು ಬರೆಯಿತು. 1938ರಲ್ಲಿ ಅಮೆರಿಕ ಬೇರೆ ದಾರಿ ಹಿಡಿಯಿತು. ಜಾಸ್ತಿ ದುಡಿಸಿಕೊಳ್ಳಿ, ಆದರೆ ಓವರ್‌ಟೈಮ್‌ಗೆ ಒಂದೂವರೆ ಪಟ್ಟು ಕೂಲಿ ಕೊಡಿ, ಗಂಟೆಗಳ ಲೆಕ್ಕವನ್ನೂ ಇಡಿ ಎಂದಿತು. ಲೆಕ್ಕವನ್ನೇ ಇಡದಿದ್ದರೆ? 1946ರಲ್ಲಿ ಮಿಷಿಗನ್ನಿನ ಪಿಂಗಾಣಿ ಕಾರ್ಖಾನೆಯೊಂದರ ಮೊಕದ್ದಮೆಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಇದಕ್ಕೆ ಉತ್ತರ ಕೊಟ್ಟಿತು. ಮಾಲೀಕರ ಬಳಿ ಸರಿಯಾದ ದಾಖಲೆ ಇಲ್ಲದಿದ್ದರೆ ಕೆಲಸಗಾರರು ಕೊಡುವ ನ್ಯಾಯವಾದ ಅಂದಾಜೇ ಸಾಕು. ಅದು ತಪ್ಪೆಂದು ತೋರಿಸುವ ಹೊಣೆ ಮಾಲೀಕರದ್ದು.

ಆಗೆಲ್ಲ ಕೆಲಸಕ್ಕೆ ಒಂದು ಗೇಟು ಇತ್ತು. ಅದನ್ನು ದಾಟಿದರೆ ದಿನ ಮುಗಿಯಿತು. ಫೋನು, ಲ್ಯಾಪ್‌ಟಾಪ್ ಬಂದ ಮೇಲೆ ಆ ಗೇಟೇ ಇಲ್ಲ. 2018ರಲ್ಲಿ ಬೆಲ್ಜಿಯಂನ ಅಗ್ನಿಶಾಮಕ ಸಿಬ್ಬಂದಿಯೊಬ್ಬರ ಪ್ರಕರಣದಲ್ಲಿ ಯುರೋಪಿಯನ್ ಒಕ್ಕೂಟದ ನ್ಯಾಯಾಲಯ ತೀರ್ಪು ಕೊಟ್ಟಿತು. ಅವರು ಇದ್ದದ್ದು ಮನೆಯಲ್ಲೇ. ಆದರೆ ಕರೆ ಬಂದರೆ 8 ನಿಮಿಷದಲ್ಲಿ ಠಾಣೆ ತಲುಪಬೇಕಿತ್ತು. ಹಾಗೆ ಕಾಯುವುದೂ ಕೆಲಸವೇ ಎಂದಿತು ನ್ಯಾಯಾಲಯ. ಮರುವರ್ಷ ಅದೇ ನ್ಯಾಯಾಲಯ, ಪ್ರತಿಯೊಬ್ಬ ನೌಕರರ ದಿನದ ಗಂಟೆಗಳನ್ನು ನಂಬಬಹುದಾದ ರೀತಿಯಲ್ಲಿ ಅಳೆಯುವ ವ್ಯವಸ್ಥೆ ಸಂಸ್ಥೆಗಳಲ್ಲಿ ಇರಲೇಬೇಕು ಎಂದು ತೀರ್ಪು ಕೊಟ್ಟಿತು. ಸ್ಪೇನ್ ಆ ದಾಖಲೆಗಳನ್ನು 4 ವರ್ಷ ಜೋಪಾನವಾಗಿಡಬೇಕೆಂದು ಕಾನೂನು ಮಾಡಿತು. 1844ರ ಗಡಿಯಾರವೇ ತಿರುಗಿ ಬಂದ ಹಾಗಿದೆ.

ಸಂಸ್ಥೆಗಳ ಅಳಲಿನಲ್ಲೂ ಹುರುಳಿದೆ. ನಂಬಿಕೆಯ ಮೇಲೆ ಸಮಯ ಬಿಟ್ಟುಕೊಟ್ಟ ಕಡೆಗಳಲ್ಲೂ ಈಗ ಹಾಜರಿ ಬರೆಯಬೇಕು. ಆ ಲೆಕ್ಕವೇ ಕಾವಲಾಗಿ ಬದಲಾಗದಂತೆ ನೋಡಿಕೊಳ್ಳುವುದು ಸುಲಭವಲ್ಲ. ಆದರೂ ಲೆಕ್ಕ ಇಡುವುದೇ ಅವರಿಗೂ ಕ್ಷೇಮ ಎಂದು ನಾನು ನಂಬುತ್ತೇನೆ. ವ್ಯಾಜ್ಯ ಬಂದ ದಿನ ಕೈಯಲ್ಲಿ ಕಾಗದ ಇಲ್ಲದವರೇ ಕಷ್ಟಕ್ಕೆ ಸಿಕ್ಕುವುದು.

ಇನ್ನು ರಾತ್ರಿಯ ಮೆಸೇಜ್. ಫ್ರಾನ್ಸ್ 2017ರಿಂದಲೇ ಇದಕ್ಕೆ ನಿಯಮ ಮಾಡಿಕೊಳ್ಳಲು ದೊಡ್ಡ ಕಂಪನಿಗಳಿಗೆ ಹೇಳಿತು. ಆಸ್ಟ್ರೇಲಿಯಾದಲ್ಲಿ 2024ರ ಆಗಸ್ಟ್ 26ರಿಂದ, ಕೆಲಸದ ಸಮಯ ಮುಗಿದ ಮೇಲೆ ಬಂದ ಕರೆಗೆ ಉತ್ತರ ಕೊಡದಿರುವ ಹಕ್ಕು ನೌಕರರಿಗಿದೆ. ಮೆಸೇಜ್ ಕಳಿಸುವುದು ತಪ್ಪಲ್ಲ. ಉತ್ತರ ಬರಲಿಲ್ಲ ಎಂದು ಶಿಕ್ಷಿಸುವುದು ತಪ್ಪು. ಆದರೆ ನಿರಾಕರಣೆಯೂ ಅಸಮಂಜಸವಾಗಿರಬಾರದು. ಕರೆ ಯಾವ ಕಾರಣಕ್ಕೆ ಬಂತು, ಹುದ್ದೆಯ ಜವಾಬ್ದಾರಿ ಎಷ್ಟು, ಹೊತ್ತುಮೀರಿ ಸಿಗುವುದಕ್ಕೆ ಹಣ ಕೊಡುತ್ತಾರೆಯೇ, ಮನೆಯ ಪರಿಸ್ಥಿತಿ ಏನು, ಎಲ್ಲವನ್ನೂ ನೋಡುತ್ತಾರೆ. 15ಕ್ಕಿಂತ ಕಡಿಮೆ ನೌಕರರಿರುವ ಸಂಸ್ಥೆಗಳಿಗೆ ಒಂದು ವರ್ಷ ಹೆಚ್ಚಿನ ಕಾಲಾವಕಾಶ ಸಿಕ್ಕಿತ್ತು. 2025ರ ಆಗಸ್ಟ್ 26ರಿಂದ ಅವರಿಗೂ ಇದೇ ನಿಯಮ.